ಪಾಳಿಯ ನೀರು, ಪಾಯಿಂಟಿನ ಮನೆ

ಜಲನಗರದ ನಮ್ಮ ಓಣಿಯಲ್ಲಿ ನಿವೃತ್ತ ಮಾಸ್ತರರೊಬ್ಬರಿದ್ದಾರೆ. ಭಾನುವಾರದ ಪೂಜೆ ಮುಗಿದ ಮೇಲೆ ನಾವಿಬ್ಬರೂ ಜೊತೆಯಾಗಿ ಮನೆಯ ಕಡೆ ನಡೆಯುವುದು ರೂಢಿ. ಕಳೆದ ಬೇಸಿಗೆಯಲ್ಲಿ ಒಂದು ಭಾನುವಾರ ಅವರು ದಾರಿಯುದ್ದಕ್ಕೂ ಮಾತನಾಡಲಿಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತ ಮೇಲೆ ಜೇಬಿನಿಂದ ನಾಲ್ಕಾಗಿ ಮಡಿಚಿದ ಒಂದು ಹಾಳೆ ತೆಗೆದರು. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿರುವ ಮಗ ಕಳಿಸಿದ್ದು.

"ನೋಡ್ರೀ, ನೀವು ಬ್ಯಾಂಕಿನಾಗ ಇದ್ದವ್ರು. ಮಗ ಅಲ್ಲೊಂದು ರಜಾದ ಮನಿಯೊಳಗ ಪಾಲು ತಗೊಳ್ಳಾಕತ್ತಾನ. ತಿಕೋಟಾದ ಒಂದು ಎಕರೆ ಮಾರಿ ರೊಕ್ಕ ಕಳಿಸಿದ್ರ ನನ್ನ ಹೆಸರು, ಬಬಲೇಶ್ವರದ ತಂಗಿ ಹೆಸರು ಎರಡೂ ಪತ್ರದಾಗ ಹಾಕಸ್ತೀನಿ ಅಂತಾನ. ಅದೂ ಖರೀದಿ ಪತ್ರನಽ, ಇದೂ ಖರೀದಿ ಪತ್ರನಽ, ಆಸ್ತಿ ಹೋಗಿ ಆಸ್ತಿ ಬರ್ತದ ಅಂತಾನ. ಹೌದೇನ್ರಿ?"

ಮಗನ ಮಾತಿನಲ್ಲಿ ಕಪಟವಿರಲಿಲ್ಲ. ತಂದೆಗೂ ತಂಗಿಗೂ ತನ್ನ ಸುಖದಲ್ಲಿ ಪಾಲಿರಲಿ ಎಂಬ ಪ್ರೀತಿಯೇ ಅದರಲ್ಲಿತ್ತು. ಆದರೂ ನಾನು ತಕ್ಷಣ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಆ ಹಾಳೆಯನ್ನು ಎರಡು ವಾರ ಇಟ್ಟುಕೊಂಡು ಓದಿದೆ. ಓದುತ್ತಾ ಹೋದಂತೆ ಅಮೆರಿಕದ ಆ ಮನೆಗಿಂತ ಹೆಚ್ಚಾಗಿ ತಿಕೋಟಾದ ಬಾವಿಯೇ ನನ್ನ ಕಣ್ಣ ಮುಂದೆ ಬಂತು.

ಮೊದಲು ಆ ಹಾಳೆಯಲ್ಲಿದ್ದುದನ್ನು ಹೇಳುತ್ತೇನೆ. ಪ್ರವಾಸಿ ಊರಿನಲ್ಲಿ ಒಂದು ಕಂಪನಿ ದೊಡ್ಡ ವಸತಿಗೃಹ ಕಟ್ಟುತ್ತದೆ. ಅದರ ಒಂದೊಂದು ಮನೆಯನ್ನೂ ಒಬ್ಬೊಬ್ಬರಿಗೆ ಮಾರದೆ, ಅನೇಕರಿಗೆ ಸಣ್ಣ ಸಣ್ಣ ಪಾಲಾಗಿ ಮಾರುತ್ತದೆ. ಹಿಂದೆ ವರ್ಷದಲ್ಲಿ ಇಂಥದೇ ವಾರ ಎಂದು ಗೊತ್ತುಮಾಡಿ ಮಾರುತ್ತಿದ್ದರು. ಈಗ ಹೆಚ್ಚಾಗಿ ಪಾಯಿಂಟುಗಳ ಲೆಕ್ಕ. ಸ್ವಿಟ್ಜರ್ಲೆಂಡಿನ ಹಾಪಿಮಾಗ್ ಎಂಬ ಸಂಸ್ಥೆ 1963ರಲ್ಲಿ ಆರಂಭವಾಗಿ ಇಂಥ ಪಾಯಿಂಟಿನ ದಾರಿ ಹಿಡಿಯಿತು. ಡಿಸ್ನಿ ಕಂಪನಿ 1991ರಲ್ಲಿ ಫ್ಲಾರಿಡಾದಲ್ಲಿ ಇದೇ ವ್ಯವಸ್ಥೆಯನ್ನು ಶುರುಮಾಡಿತು.

ಕೊಳ್ಳುವವನ ಹೆಸರಿಗೆ ನಿಜವಾದ ಖರೀದಿ ಪತ್ರವೇ ಆಗುತ್ತದೆ. ಅಲ್ಲಿನ ಜಿಲ್ಲಾ ದಾಖಲೆ ಕಚೇರಿಯಲ್ಲಿ ನೋಂದಣಿಯಾಗುತ್ತದೆ. ಯಾರು ಬೇಕಾದರೂ ಹೋಗಿ ನೋಡಬಹುದು. ಆದರೆ ಪತ್ರದಲ್ಲಿ ಇಂಥ ಕೋಣೆ, ಇಂಥ ಗೋಡೆ ಎಂದು ಇರುವುದಿಲ್ಲ. ಇಂಥ ಮನೆಯಲ್ಲಿ ಶೇಕಡಾ ಇಷ್ಟು, ವಿಂಗಡವಾಗದ ಹಿಸ್ಸೆ ಎಂದಿರುತ್ತದೆ. ಆ ಹಿಸ್ಸೆಯ ಉಪಯೋಗವನ್ನು ಕೊಂಡವನು ಒಂದು ಕ್ಲಬ್ಬಿಗೆ ಒಪ್ಪಿಸುತ್ತಾನೆ. ಕ್ಲಬ್ಬು ಪ್ರತಿ ವರ್ಷ ಅವನ ಹಿಸ್ಸೆಗೆ ತಕ್ಕಷ್ಟು ಪಾಯಿಂಟು ಕೊಡುತ್ತದೆ.

ಲೆಕ್ಕಕ್ಕಾಗಿ ಹೀಗೆಂದುಕೊಳ್ಳೋಣ. ಒಂದು ಮನೆಗೆ ವರ್ಷಕ್ಕೆ ಒಟ್ಟು 10,000 ಪಾಯಿಂಟು. ನಿಮ್ಮದು 200, ಅಂದರೆ ಶೇಕಡಾ 2. ಎಲ್ಲರೂ ಬಯಸುವ ರಜೆಯ ದಿನಗಳಲ್ಲಿ ರಾತ್ರಿಗೆ 40 ಪಾಯಿಂಟಾದರೆ ನಿಮಗೆ ಐದು ರಾತ್ರಿ ಸಿಕ್ಕಿತು. ಯಾರೂ ಬಾರದ ಕಾಲದಲ್ಲಿ 20 ಆದರೆ ಹತ್ತು ರಾತ್ರಿ. ಬಳಸದೆ ಬಿಟ್ಟ ಪಾಯಿಂಟು ಸಾಮಾನ್ಯವಾಗಿ ಆ ವರ್ಷಕ್ಕೇ ಮುಗಿಯುತ್ತದೆ. ಕೆಲವೆಡೆ ಮುಂದಿನ ವರ್ಷಕ್ಕೆ ಎತ್ತಿಡಬಹುದು. ನೀವು ಹೋಗಿ ಉಳಿದರೂ ಸರಿ, ಬಿಟ್ಟರೂ ಸರಿ, ಸುಣ್ಣಬಣ್ಣ, ವಿಮೆ, ತೆರಿಗೆ, ಆಳುಕಾಳುಗಳ ಖರ್ಚಿನಲ್ಲಿ ನಿಮ್ಮ ಹಿಸ್ಸೆಯ ಪಾಲನ್ನು ವರ್ಷವರ್ಷವೂ ಕಟ್ಟಲೇಬೇಕು. ಈ ಶುಲ್ಕ ಇಳಿಯುವುದು ಅಪರೂಪ, ಏರುವುದೇ ವಾಡಿಕೆ.

ಇದೆಲ್ಲ ಪರದೇಶದ ಹೊಸ ಮಾಯೆಯಂತೆ ಕಾಣಬಹುದು. ನಮ್ಮ ಕಡೆಯ ರೈತನಿಗೆ ಇದು ಅಷ್ಟು ಹೊಸದಲ್ಲ. ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲಕ್ಕೆ ಬದು ಹಾಕಿ ಪಾಲು ಮಾಡಬಹುದು. ಬಾವಿಗೆ ಬದು ಹಾಕುವುದು ಹೇಗೆ? ಆದ್ದರಿಂದ ವಾಟ್ಣಿ ಪತ್ರದಲ್ಲಿ ಬಾವಿಯ ಹಿಸ್ಸೆ ಬರೆದು, ನೀರಿಗೆ ಪಾಳಿ ಕಟ್ಟುತ್ತಾರೆ. ಮಾಸ್ತರರ ಮನೆತನದಲ್ಲಿ ಎಂಟು ದಿನಕ್ಕೆ ಮೂರು ದಿನ ಅವರದು, ಮೂರು ದಿನ ಅಣ್ಣನ ಮಕ್ಕಳದು, ಎರಡು ದಿನ ಚಿಕ್ಕಪ್ಪನ ಕಡೆಯವರದು. ತನ್ನ ಪಾಳಿಯ ದಿನ ನೀರು ಹಾಯಿಸದೆ ಮಲಗಿದವನು ನಾಳೆ ಬಂದು ನಿನ್ನೆಯ ನೀರು ಕೊಡಿ ಎನ್ನುವಂತಿಲ್ಲ. ಹೂಳು ತೆಗೆಸುವಾಗ, ಮೋಟಾರು ಸುಟ್ಟಾಗ ಖರ್ಚು ಹಿಸ್ಸೆಯ ಪ್ರಕಾರವೇ. ಬಾವಿ ಎಂದರೆ ಖರೀದಿ ಪತ್ರದ ಹಿಸ್ಸೆ, ನೀರು ಎಂದರೆ ಪಾಯಿಂಟು. ಇಷ್ಟರ ಮಟ್ಟಿಗೆ ಮಗ ಹೇಳಿದ್ದು ನಿಜ. ಅವನು ಕೊಳ್ಳಲು ಹೊರಟಿದ್ದು ಗಾಳಿಯನ್ನಲ್ಲ.

ಪವಿತ್ರ ಬೈಬಲಿನ ಯಾಜಕಕಾಂಡದ 25ನೇ ಅಧ್ಯಾಯವನ್ನು ಈ ಕಣ್ಣಿನಿಂದ ಓದಿ ನೋಡಿ. ಭೂಮಿ ದೇವರದು, ಅದನ್ನು ಶಾಶ್ವತವಾಗಿ ಮಾರಕೂಡದು ಎಂಬ ಕಟ್ಟಳೆ ಅಲ್ಲಿದೆ. ಹಾಗಾದರೆ ಬಡವನಾದ ಇಸ್ರಯೇಲನು ಮಾರುತ್ತಿದ್ದುದು ಏನನ್ನು? ಜೂಬಿಲಿ ವರ್ಷದ ತನಕ ಉಳಿದಿರುವ ಸುಗ್ಗಿಗಳನ್ನು. ಹೆಚ್ಚು ವರ್ಷ ಉಳಿದಿದ್ದರೆ ಹೆಚ್ಚು ಬೆಲೆ, ಕಡಿಮೆ ಉಳಿದಿದ್ದರೆ ಕಡಿಮೆ. ಅದೇ ಅಧ್ಯಾಯದಲ್ಲಿ ಇನ್ನೊಂದು ವಿವರ: ಕೋಟೆಯುಳ್ಳ ಪಟ್ಟಣದ ಮನೆ ಮಾರಿದವನಿಗೆ ಅದನ್ನು ಬಿಡಿಸಿಕೊಳ್ಳಲು ಒಂದು ವರ್ಷದ ಅವಕಾಶ. ಗೋಳಗುಮ್ಮಟದ ನೆರಳಿನಲ್ಲಿ, ಕೋಟೆಯ ಊರಿನಲ್ಲಿ ಬಾಳುವ ನಮಗೆ ಈ ಸಾಲು ಸ್ವಲ್ಪ ಹತ್ತಿರವೆನಿಸಬೇಕು! ಫ್ಲಾರಿಡಾದ ಕಾನೂನು ಇಂಥ ಪಾಲು ಕೊಂಡವನಿಗೆ ಮನಸ್ಸು ಬದಲಿಸಲು ಕೊಡುವುದು 10 ದಿನ.

ಮಧ್ಯಯುಗದಲ್ಲಿ ಧರ್ಮಸಭೆಯೊಳಗೇ ಈ ಪ್ರಶ್ನೆಯ ಮೇಲೆ ದೊಡ್ಡ ವಾದ ನಡೆದಿತ್ತು. ಸಂತ ಫ್ರಾನ್ಸಿಸರ ಸಭೆಯವರು ನಮಗೆ ಯಾವುದರ ಒಡೆತನವೂ ಬೇಡ, ಉಪಯೋಗ ಮಾತ್ರ ಸಾಕು ಎಂದರು. ಜಗದ್ಗುರು ಮೂರನೇ ನಿಕೊಲಾಸರು 1279ರಲ್ಲಿ ಇದನ್ನು ಒಪ್ಪಿದರು. ಜಗದ್ಗುರು ಇಪ್ಪತ್ತೆರಡನೇ ಜಾನರು 1322ರಲ್ಲಿ ತಕರಾರು ಎತ್ತಿದರು. ಉಂಡು ಮುಗಿಯುವ ರೊಟ್ಟಿಯಂಥ ವಸ್ತುವಿನಲ್ಲಿ ಒಡೆತನ ಬೇರೆ, ಉಪಯೋಗ ಬೇರೆ ಎಂದು ಹೇಳುವುದರಲ್ಲಿ ಅರ್ಥವಿಲ್ಲ ಎಂಬುದು ಅವರ ವಾದದ ತಿರುಳು. ನನಗೆ ಆ ಜಗದ್ಗುರುಗಳ ಮೇಲೆ ಹೆಚ್ಚು ಪ್ರೀತಿಯಿಲ್ಲ, ಆದರೆ ಪ್ರಶ್ನೆ ಮಾತ್ರ ಚೊಕ್ಕಟವಾದದ್ದು. ಪಾಯಿಂಟು ರೊಟ್ಟಿಯಂತೆ, ಬಳಸಿದೊಡನೆ ಮುಗಿಯಿತು. ಪತ್ರದಲ್ಲಿರುವ ಹಿಸ್ಸೆ ಮುಗಿಯುವುದಿಲ್ಲ. ಹಾಗಾದರೆ ಮುಗಿಯದೆ ಉಳಿದ ಆ ಹಿಸ್ಸೆಯಿಂದ ಒಡೆಯನಿಗೆ ಏನಿದೆ? ಅದರ ಮೇಲೆ ಅವನು ಒಂದು ತುಳಸಿ ಗಿಡವನ್ನೂ ನೆಡಲಾರ. ನನ್ನ ಮನೆ ಎಂದು ಯಾವ ಬಾಗಿಲನ್ನೂ ತೋರಿಸಲಾರ. ಅವನ ಕೈಯಲ್ಲಿ ಖಂಡಿತವಾಗಿ ಉಳಿಯುವುದು ಹೊಣೆ.

ಇಲ್ಲಿಂದ ಬಾವಿಯ ಹೋಲಿಕೆ ಕುಂಟತೊಡಗುತ್ತದೆ.

ಬಾವಿಯ ಪಾಲುದಾರರು ಒಬ್ಬರನ್ನೊಬ್ಬರು ಬಲ್ಲರು. ಮೂರು ಫೇಸಿನ ಕರೆಂಟು ಹಗಲು ಬಂದರೆ ಒಬ್ಬನಿಗೆ ಅನುಕೂಲ, ರಾತ್ರಿ ಬಂದರೆ ಇನ್ನೊಬ್ಬನಿಗೆ ಕಷ್ಟ. ಆಗ ಬಾವಿಯ ದಂಡೆಯ ಮೇಲೆ ಕುಳಿತು, ಒಂದಿಷ್ಟು ಕೂಗಾಡಿ, ಪಾಳಿ ಬದಲಿಸಿಕೊಳ್ಳುತ್ತಾರೆ. ಪಾಯಿಂಟಿನ ಮನೆಯಲ್ಲಿ ಯಾವ ರಾತ್ರಿಗೆ ಎಷ್ಟು ಪಾಯಿಂಟು ಎಂಬ ಪಟ್ಟಿಯನ್ನು ಬರೆಯುವವರು, ಬದಲಿಸುವವರು ಬೇರೆಯವರು. ನ್ಯಾಯವಾಗಿ ಹೇಳಬೇಕೆಂದರೆ ಇದಕ್ಕೂ ಕಟ್ಟುಪಾಡುಗಳಿವೆ. ಇರುವ ರಾತ್ರಿಗಳಿಗಿಂತ ಹೆಚ್ಚಿನ ಹಕ್ಕನ್ನು ಮಾರಕೂಡದು ಎಂದು ಫ್ಲಾರಿಡಾದ ಕಾನೂನು ಹೇಳುತ್ತದೆ. ಡಿಸ್ನಿಯ ವ್ಯವಸ್ಥೆಯಲ್ಲಿ ಒಂದು ರಾತ್ರಿಯ ಪಾಯಿಂಟು ಏರಿಸಿದರೆ ಇನ್ನೊಂದು ರಾತ್ರಿಯದನ್ನು ಇಳಿಸಬೇಕು, ವರ್ಷದ ಒಟ್ಟು ಮೊತ್ತ ಏರುವಂತಿಲ್ಲ. ತಕ್ಕಡಿ ನೆಟ್ಟಗಿದೆ, ಒಪ್ಪೋಣ. ಆದರೂ ಮಕ್ಕಳ ಶಾಲೆಯ ರಜೆಯಲ್ಲಿ ಮಾತ್ರ ಹೋಗಬಲ್ಲ ಕುಟುಂಬಕ್ಕೆ ಆ ರಾತ್ರಿಗಳೇ ದುಬಾರಿಯಾದರೆ, ಮಳೆಗಾಲದ ರಾತ್ರಿ ಅಗ್ಗವಾದದ್ದರಿಂದ ಬಂದ ಲಾಭವೇನು?

ಇನ್ನೊಂದು ವಿಚಿತ್ರ. ಖರೀದಿ ಪತ್ರ ಎಂದೊಡನೆ ನಾವು ಸೂರ್ಯಚಂದ್ರರಿರುವ ತನಕ ಎಂದುಕೊಳ್ಳುತ್ತೇವೆ. ಡಿಸ್ನಿಯ ಮೊದಲ ವಸತಿಗೃಹದ ಪತ್ರಗಳು ಮೂಲತಃ 2042ರ ಜನವರಿ 31ಕ್ಕೆ ಮುಗಿಯುವಂತೆ ಬರೆದವು. ಮುಂದೆ ಕೆಲವರಿಗೆ ಹಣ ಕೊಟ್ಟು 2057ರ ತನಕ ಬೆಳೆಸಿಕೊಳ್ಳುವ ಅವಕಾಶ ಸಿಕ್ಕಿತು. ನೆಲವೇ ಗುತ್ತಿಗೆಯದಾದ್ದರಿಂದ ಹೀಗೆ. ನಮ್ಮ ಮಾತಿನಲ್ಲಿ ಹೇಳಿದರೆ ಇದು ದೀರ್ಘಕಾಲದ ಲಾವಣಿ, ಹಾಕಿಕೊಂಡ ಅಂಗಿ ಮಾತ್ರ ಖರೀದಿಯದು. ಕೆಲವು ಕಂಪನಿಗಳ ಪತ್ರಕ್ಕೆ ಇಂಥ ಕೊನೆಯೇ ಇಲ್ಲ. ಮೇಲುನೋಟಕ್ಕೆ ಕೊನೆಯಿಲ್ಲದ್ದೇ ಲೇಸು. ನಾನು ಮಾಸ್ತರರಿಗೆ ತಿರುಗಾಮುರುಗಾ ಹೇಳಿದೆ: ಕೊನೆಯಿಲ್ಲದ ಪತ್ರಕ್ಕೆ ಕೊನೆಯಿಲ್ಲದ ಶುಲ್ಕ. ಮುದುಕರಾಗಿ ಪ್ರಯಾಣ ನಿಂತ ಮೇಲೂ ಅದು ನಿಲ್ಲುವುದಿಲ್ಲ. ಮಾರಿಬಿಡೋಣವೆಂದರೆ ಇಂಥ ಎಷ್ಟೋ ಹಿಸ್ಸೆಗಳು ಕೊಂಡ ಬೆಲೆಯ ಸಣ್ಣ ಭಾಗಕ್ಕೂ ಹೋಗುವುದಿಲ್ಲ.

ಆಗ ಮಾಸ್ತರರು ಕೇಳಿದ ಪ್ರಶ್ನೆಯೇ ಈ ಇಡೀ ವಿಷಯದ ಮರ್ಮ.

"ನನ್ನ ಹೆಸರು ಬಿಡ್ರಿ, ನಾ ಇನ್ನೆಷ್ಟು ದಿನ ಇರ್ತೀನಿ. ಮಗಳ ಹೆಸರು ಹಾಕಿದ್ರ ಆಕಿಗೆ ಏನ್ ಬಂದಂಗಾತು?"

ಬಬಲೇಶ್ವರದ ಆ ಮಗಳ ಮನೆ ಸಣ್ಣ ಕಿರಾಣಿ ಅಂಗಡಿಯ ಮೇಲೆ ನಡೆಯುತ್ತದೆ. ಆಕೆ ಪಾಸ್‌ಪೋರ್ಟು ಮಾಡಿಸಿದವಳಲ್ಲ. ತಂದೆ ತೀರಿಕೊಂಡಾಗ ಬರುವ ಪಾಲನ್ನು ಬೇಡವೆಂದು ಹೇಳಲು ವಾರಸುದಾರರಿಗೆ ಅಲ್ಲಿಯ ಕಾನೂನು ದಾರಿ ಕೊಡುತ್ತದೆ, ಸಕಾಲದಲ್ಲಿ ಬರೆದುಕೊಟ್ಟರೆ. ಆದರೆ ಪತ್ರದಲ್ಲೇ ಹೆಸರಿರುವವಳು ವಾರಸುದಾರಳಲ್ಲ, ಒಡತಿ. ಒಡತಿಯಾದವಳು ನನಗೆ ಗೊತ್ತಿರಲಿಲ್ಲ ಎಂದು ಕೈ ತೊಳೆದುಕೊಳ್ಳಲಾರಳು. ಅಣ್ಣ ಕಟ್ಟುವಷ್ಟು ದಿನ ಕಟ್ಟುತ್ತಾನೆ. ಅವನ ನೌಕರಿ ಹೋದರೆ? ತಿಕೋಟಾದ ಎಕರೆಯಲ್ಲಿ ಆಕೆಗಿರುವ ಹಕ್ಕು ಹೋಗಿ, ಡಾಲರಿನ ಬೋಜಾ ಆಕೆಯ ತಲೆಯ ಮೇಲೆ ಬಂದಂತಾಯಿತು. ಪ್ರೀತಿಯಿಂದ ಕೊಟ್ಟ ಮಾತ್ರಕ್ಕೆ ಅದು ಕೊಡುಗೆಯಾಗುತ್ತದೆಯೇ? ಕೊಡುವವನ ಮನಸ್ಸೊಂದನ್ನೇ ನೋಡಿದರೆ ಹೌದು. ನಾನು ಪಡೆಯುವವಳ ಮನೆಯ ಲೆಕ್ಕದ ಪುಸ್ತಕವನ್ನೂ ನೋಡಬೇಕು ಎನ್ನುತ್ತೇನೆ.

ಸಂತ ಥಾಮಸ್ ಅಕ್ವಿನಾಸರು ಆಸ್ತಿಯ ವಿಷಯದಲ್ಲಿ ಎರಡನ್ನು ಬೇರ್ಪಡಿಸುತ್ತಾರೆ. ಸಂಪಾದಿಸುವುದು, ನೋಡಿಕೊಳ್ಳುವುದು, ಹಂಚುವುದು ಒಬ್ಬೊಬ್ಬನ ಕೈಯಲ್ಲಿದ್ದರೆ ಅಡ್ಡಿಯಿಲ್ಲ. ಉಪಯೋಗದ ಮಾತು ಬಂದಾಗ ಮಾತ್ರ ಅಗತ್ಯದಲ್ಲಿರುವವನಿಗೆ ಕೊಡಲು ಸಿದ್ಧನಿರಬೇಕು ಎಂಬುದು ಅವರ ನಿಲುವು. ಮಾಸ್ತರರ ಬಾವಿಗೆ ಇದು ಅಳತೆ ಹೊಲಿದಂತೆ ಹೊಂದುತ್ತದೆ. ಒಂದು ಬರದ ವರ್ಷ ಬಾಂದಿನ ಆಚೆಯವನ ದ್ರಾಕ್ಷಿ ಪಡ ಒಣಗುತ್ತಿದ್ದಾಗ ಇವರು ತಮ್ಮ ಮೂರು ದಿನದಲ್ಲಿ ಒಂದು ದಿನ ಅವನಿಗೆ ಬಿಟ್ಟುಕೊಟ್ಟರು. ಯಾರನ್ನೂ ಕೇಳಲಿಲ್ಲ, ಅರ್ಜಿ ಬರೆಯಲಿಲ್ಲ. ಪಾಯಿಂಟನ್ನೂ ಅತಿಥಿಗೆ ಕೊಡಬಹುದು, ಆ ಬಾಗಿಲು ಮುಚ್ಚಿಲ್ಲ. ಆದರೆ ಬಾಯಾರಿದ ನೆರೆಯವನು ಎಂಬುವನು ಆ ವ್ಯವಸ್ಥೆಯ ಬದುವಿನಾಚೆ ಎಲ್ಲಿ ನಿಂತಿರುತ್ತಾನೆ? ಒಡೆಯರು ಸಾವಿರಾರು ಜನ. ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ. ನಾನು ಇದನ್ನು ಪಾಪವೆನ್ನುವುದಿಲ್ಲ. ಕುಟುಂಬ ಒಟ್ಟಾಗಿ ವಿಶ್ರಾಂತಿ ಪಡೆಯುವುದು ಒಳ್ಳೆಯದು, ಅದಕ್ಕೆ ಮುಂಗಡವಾಗಿ ಹಣ ತೆಗೆದಿಡುವುದೂ ಒಳ್ಳೆಯದೇ. ಅದನ್ನು ಹೊಲಕ್ಕೆ ಸಮ ಎಂದು ಕರೆಯುವುದನ್ನಷ್ಟೇ ಒಪ್ಪಲಾರೆ.

ನಡುವೆ ಒಂದು ಮಾತು, ಇಲ್ಲಿಯವರಿಗೆ ಬೇಕಾದದ್ದು. ನಮ್ಮ ದೇಶದಲ್ಲೂ ಇಂಥ ರಜಾ ಯೋಜನೆಗಳಿವೆ. ಸ್ಟರ್ಲಿಂಗ್ ಸಂಸ್ಥೆ 1986ರಲ್ಲಿ, ಮಹೀಂದ್ರಾ ಹಾಲಿಡೇಸ್ 1996ರಲ್ಲಿ ಸ್ಥಾಪನೆಯಾದವು. ನಮ್ಮ ಮಡಿಕೇರಿಯಲ್ಲೂ ವಸತಿಗೃಹವಿದೆ. ಮಹೀಂದ್ರಾದವರ ಹೆಸರಾದ ಯೋಜನೆ 25 ವರ್ಷದ ಸದಸ್ಯತ್ವ. ಅದು ಉಳಿಯುವ ಹಕ್ಕು, ನೆಲದ ಹಕ್ಕಲ್ಲ. ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಯ ಸ್ಥಿರಾಸ್ತಿಯನ್ನು ಮಾರಬೇಕಾದರೆ ನೋಂದಣಿಯಾದ ಪತ್ರವೇ ಬೇಕು ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಹೇಳುತ್ತದೆ. ಆದ್ದರಿಂದ ಯಾರಾದರೂ ಹೋಟೆಲಿಗೆ ಕರೆದು, ಊಟ ಹಾಕಿಸಿ, ನೀವು ಮಾಲೀಕರಾಗುತ್ತೀರಿ ಎಂದರೆ ಒಂದೇ ಪ್ರಶ್ನೆ ಕೇಳಿ: ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಯಾವ ಸರ್ವೆ ನಂಬರಿನ ಮೇಲೆ ನನ್ನ ಹೆಸರು ಬರುತ್ತದೆ? ಉತ್ತರ ಬಾರದಿದ್ದರೆ ನೀವು ಸದಸ್ಯರು. ಸದಸ್ಯರಾಗುವುದರಲ್ಲಿ ತಪ್ಪೇನಿಲ್ಲ; 25 ವರ್ಷಕ್ಕೆ ಮುಗಿಯುವ ಸದಸ್ಯತ್ವ, ಮಕ್ಕಳ ಕೊರಳಿಗೆ ಬೀಳುವ ಕೊನೆಯಿಲ್ಲದ ಪತ್ರಕ್ಕಿಂತ ಎಷ್ಟೋ ಸಲ ಹಗುರ.

ಎರಡು ವಾರದ ಮೇಲೆ ಹಾಳೆಯನ್ನು ಮಾಸ್ತರರಿಗೆ ಹಿಂತಿರುಗಿಸಿ ಇದನ್ನೆಲ್ಲ ಹೇಳಿದೆ. ಎಕರೆಗೆ ಕೊಳ್ಳುವವರ ಕೊರತೆಯಿರಲಿಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ ರೈತರಲ್ಲದವರಿಗೂ ಹೊಲ ಕೊಳ್ಳಲು ದಾರಿಯಾದ ಮೇಲೆ ಪಟ್ಟಣದವರು ಬಂದು ಕೇಳಿ ಹೋಗಿದ್ದರು. ಅವರು ಆ ರಾತ್ರಿಯೇ ಮಗನಿಗೆ ಫೋನು ಮಾಡಿದರು. ನಾನು ಅಲ್ಲಿರಲಿಲ್ಲ, ಮರುದಿನ ಅವರೇ ಹೇಳಿದ್ದು. ಮಗ ಮೊದಲು ನೊಂದುಕೊಂಡನಂತೆ, ನಿಮಗೆ ನನ್ನ ಮೇಲೆ ನಂಬಿಕೆಯಿಲ್ಲವೇ ಎಂದು. ಇವರು, "ನಿನ್ನ ಮ್ಯಾಲ ನಂಬಿಕಿ ಐತೋ ಮಗನ, ಆದ್ರ ನಿನ್ನ ತಂಗಿಗೆ ನೀರಿಲ್ಲದ ಬಾವ್ಯಾಗ ಹಿಸ್ಸೆ ಬರದುಕೊಡಬ್ಯಾಡ" ಎಂದರಂತೆ. ಅತ್ತ ಕಡೆ ಬಹಳ ಹೊತ್ತು ಮಾತಿರಲಿಲ್ಲವಂತೆ.

ಕೊನೆಗೆ ಮಗ ತನ್ನ ಸ್ವಂತ ದುಡ್ಡಿನಲ್ಲಿ, ತನ್ನ ಮತ್ತು ಹೆಂಡತಿಯ ಹೆಸರಿನಲ್ಲಿ, ಅರ್ಧದಷ್ಟು ಪಾಯಿಂಟು ಕೊಂಡಿದ್ದಾನೆ. ಡಿಸೆಂಬರದಲ್ಲಿ ಅಪ್ಪನನ್ನು ಕರೆಸಿಕೊಂಡು ಐದು ರಾತ್ರಿ ಅಲ್ಲಿ ಇರಿಸಿಕೊಳ್ಳಬೇಕೆಂದಿದ್ದಾನೆ. ಮಾಸ್ತರರು ಹೋಗಲು ಒಪ್ಪಿದ್ದಾರೆ, ಪಾಸ್‌ಪೋರ್ಟಿನ ಫೋಟೋ ಕೂಡ ತೆಗೆಸಿದ್ದಾಯಿತು. ಆ ವಾರದ ಪಾಳಿ ಯಾರು ನೋಡಬೇಕು ಎಂಬುದೊಂದೇ ಅವರಿಗೀಗ ಚಿಂತೆ. ಅಣ್ಣನ ಮಗನಿಗೆ ಬಿಟ್ಟರೆ ಅವನು ತನ್ನ ನಿಂಬೆಗೂ ಒಂದು ತಾಸು ಹೆಚ್ಚಿಗೆ ಹಾಯಿಸಿಕೊಳ್ಳುತ್ತಾನೆ.

"ಹಾಯಿಸ್ಕೊಳ್ಳಲಿ ಬಿಡ್ರಿ" ಎಂದರು ಹೋದ ಭಾನುವಾರ, ಛತ್ರಿಯನ್ನು ಬಗಲಲ್ಲಿ ಇಟ್ಟುಕೊಂಡು. ಅವತ್ತು ಅವರದು ರಾತ್ರಿ ಪಾಳಿ, ಹನ್ನೊಂದಕ್ಕೆ ಕರೆಂಟು. ತಿಕೋಟಾದ ಬಸ್ಸಿಗೆ ಹೊತ್ತಾಗುತ್ತಿತ್ತು.