ಬಿಟ್ಟು ಬಂದ ಕೆಲಸದ ಋಣ

ಒಬ್ಬ ಮನುಷ್ಯ ಒಂದು ವೃತ್ತಿಯಲ್ಲಿ ನೆಲೆ ನಿಲ್ಲದೆ ಮತ್ತೊಂದಕ್ಕೆ, ಅಲ್ಲಿಂದ ಮಗದೊಂದಕ್ಕೆ ಹೋದರೆ ನಾವು ಸಾಮಾನ್ಯವಾಗಿ ಮೆಚ್ಚುವುದಿಲ್ಲ. ಅಷ್ಟು ವರ್ಷ ಕಲಿತದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು ಎಂದು ಮನೆಯ ಹಿರಿಯರು ನೊಂದುಕೊಳ್ಳುತ್ತಾರೆ. ಆದರೆ ಬಿಟ್ಟು ಬಂದ ಕೆಲಸ ನಿಜವಾಗಿಯೂ ನಮ್ಮನ್ನು ಬಿಟ್ಟುಹೋಗುತ್ತದೆಯೇ? ಅಲ್ಲಿ ಕಂಡ ಜನರ ವಿಷಯದಲ್ಲಿ ನಮಗಿದ್ದ ಹೊಣೆ ರಾಜೀನಾಮೆ ಪತ್ರದೊಂದಿಗೆ ಮುಗಿಯುತ್ತದೆಯೇ? ಪ್ರಿಯ ಓದುಗರೇ, ಅಮೆರಿಕದ ಇಬ್ಬರು ಚಿತ್ರಕಥಾ ಲೇಖಕರ ಬದುಕನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಚಿಂತಿಸೋಣ.

ಮೊದಲನೆಯವರು ಡೇವಿಡ್ ಸೈಮನ್. ಅವರು ‘ಬಾಲ್ಟಿಮೋರ್ ಸನ್’ ಪತ್ರಿಕೆಯಲ್ಲಿ ಅಪರಾಧ ಸುದ್ದಿಗಳ ವರದಿಗಾರರಾಗಿದ್ದರು. 1988ರಲ್ಲಿ ಪತ್ರಿಕೆಯಿಂದ ರಜೆ ಪಡೆದು, ಒಂದು ವರ್ಷ ಕಾಲ ಆ ನಗರದ ಕೊಲೆ ತನಿಖಾ ವಿಭಾಗದ ಪೊಲೀಸರೊಂದಿಗೆ ಹಗಲಿರುಳೂ ತಿರುಗಿದರು. ಆ ವರ್ಷ ಬಾಲ್ಟಿಮೋರ್‌ನಲ್ಲಿ 234 ಕೊಲೆಗಳಾದವು. ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಮುಗಿದುಹೋಗುವ ಸಾವುಗಳ ಹಿಂದಿನ ಮನೆ, ತಾಯಿ, ನೆರೆಹೊರೆ ಅವರಿಗೆ ಕಂಡದ್ದು ಆಗ. 1991ರಲ್ಲಿ ಅದು ‘ಹೋಮಿಸೈಡ್’ ಎಂಬ ಪುಸ್ತಕವಾಯಿತು. 1993ರಿಂದ 1999ರವರೆಗೆ ದೂರದರ್ಶನ ಧಾರಾವಾಹಿಯಾಯಿತು. 1995ರಲ್ಲಿ ಸೈಮನ್ ಪತ್ರಿಕೆಯನ್ನು ಬಿಟ್ಟು ಪೂರ್ಣವಾಗಿ ಈ ಕ್ಷೇತ್ರಕ್ಕೆ ಬಂದರು.

ಎರಡನೆಯವರು ಎಡ್ ಬರ್ನ್ಸ್. ವಿಯೆಟ್ನಾಂ ಯುದ್ಧದಲ್ಲಿ ಸೈನಿಕರಾಗಿದ್ದವರು, ಅನಂತರ ಇಪ್ಪತ್ತು ವರ್ಷ ಬಾಲ್ಟಿಮೋರ್ ಪೊಲೀಸ್ ಇಲಾಖೆಯಲ್ಲಿ ದುಡಿದರು. ನಿವೃತ್ತಿಯ ಬಳಿಕ ಅದೇ ನಗರದ ಸರಕಾರಿ ಶಾಲೆಯಲ್ಲಿ ಶಿಕ್ಷಕರಾದರು. ಈ ಇಬ್ಬರೂ ಸೇರಿ 1993ರಲ್ಲಿ ಪಶ್ಚಿಮ ಬಾಲ್ಟಿಮೋರ್‌ನ ಒಂದು ಬೀದಿಮೂಲೆಯ ಜನರ ನಡುವೆ ದೀರ್ಘಕಾಲ ಕಳೆದರು. ಹಗಲಲ್ಲೇ ಮಾದಕವಸ್ತು ಮಾರಾಟವಾಗುತ್ತಿದ್ದ ಮೂಲೆ ಅದು. ಆ ಅನುಭವ 1997ರಲ್ಲಿ ‘ದಿ ಕಾರ್ನರ್’ ಎಂಬ ಪುಸ್ತಕವಾಗಿ, 2000ದಲ್ಲಿ ಕಿರುಧಾರಾವಾಹಿಯಾಗಿ ಹೊರಬಂತು. ಬಳಿಕ 2002ರಿಂದ 2008ರವರೆಗೆ ಪ್ರಸಾರವಾದ, 60 ಕಂತುಗಳ ‘ದಿ ವೈರ್’ ಧಾರಾವಾಹಿಯಲ್ಲಿಯೂ ಅವರು ಜೊತೆಯಾಗಿ ದುಡಿದರು.

ಬರ್ನ್ಸ್ ಅವರ ವೃತ್ತಿಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿ. ಪೊಲೀಸ್ ಅಧಿಕಾರಿಯಾಗಿದ್ದಾಗ ಅವರ ಮುಂದಿದ್ದ ಪ್ರಶ್ನೆ, ‘ಈ ಕೊಲೆ ಮಾಡಿದವನು ಯಾರು?’ ಶಿಕ್ಷಕರಾದಾಗ ಆ ಪ್ರಶ್ನೆ ಇನ್ನಷ್ಟು ಹಿಂದಕ್ಕೆ ಸರಿಯಿತು: ‘ಈ ಹುಡುಗ ಆ ಬೀದಿಮೂಲೆಗೆ ಹೋಗುವ ಮುನ್ನ ಎಲ್ಲಿದ್ದ?’ ಬರಹಗಾರರಾದಾಗ ಅದು ನೋಡುಗರತ್ತ ತಿರುಗಿತು: ‘ಇದೆಲ್ಲ ನಡೆಯುತ್ತಿರುವಾಗ ನಾವೆಲ್ಲ ಎಲ್ಲಿದ್ದೆವು?’ 2006ರಲ್ಲಿ ಬಂದ ‘ದಿ ವೈರ್’ನ ನಾಲ್ಕನೆಯ ಭಾಗ ಒಂದು ಶಾಲೆಯ ನಾಲ್ವರು ಹುಡುಗರ ಕಥೆ. ಅದರಲ್ಲಿ ಒಬ್ಬ ಮಾಜಿ ಪೊಲೀಸ್ ಗಣಿತದ ಮೇಷ್ಟ್ರಾಗಿ ಬರುತ್ತಾನೆ. ಬರ್ನ್ಸ್ ತಾವು ಬಿಟ್ಟು ಬಂದ ತರಗತಿಗೆ ಕಥೆಯ ದಾರಿಯಲ್ಲಿ ಹಿಂದಿರುಗಿದ್ದರು. ವೃತ್ತಿ ಬದಲಾದರೂ ಕೇಳಬೇಕಾದ ಪ್ರಶ್ನೆಯನ್ನು ಅವರು ಕೈಬಿಡಲಿಲ್ಲ.

ಇಲ್ಲಿ ನಿಮ್ಮಲ್ಲಿ ಒಂದು ಆಕ್ಷೇಪ ಏಳಬಹುದು, ಅದು ನ್ಯಾಯವಾದದ್ದೂ ಹೌದು. ಬಡವರ ಸಾವನ್ನು ಕಥೆ ಮಾಡಿ ಹೆಸರು, ಹಣ ಗಳಿಸುವುದು ಸರಿಯೇ? ಮನೆಯವರು ಅಳುತ್ತಿರುವಾಗ ಬರೆದುಕೊಳ್ಳಲು ಹೋದವನು ಅವರ ದುಃಖದಿಂದಲೇ ಅನ್ನ ಉಂಡಂತಾಗಲಿಲ್ಲವೇ? ಈ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ‘ದಿ ಕಾರ್ನರ್’ ಪುಸ್ತಕದ ಕೇಂದ್ರದಲ್ಲಿದ್ದ ಹದಿಹರೆಯದ ಹುಡುಗ 2012ರಲ್ಲಿ, ತನ್ನ 35ನೆಯ ವಯಸ್ಸಿನಲ್ಲಿ, ಮಾದಕವಸ್ತುವಿಗೇ ಬಲಿಯಾದ. ಸಾವಿರಾರು ಜನ ಓದಿ ಮರುಗಿದ ಕಥೆಯೂ ಅವನನ್ನು ಉಳಿಸಲಿಲ್ಲ.

ಹಾಗಾದರೆ ಇಂಥ ಕಥೆ ಹೇಳುವವನ ಪ್ರಾಮಾಣಿಕತೆಯನ್ನು ಅಳೆಯುವುದು ಹೇಗೆ? ಎರಡು ಅಳತೆಗಳು ನನಗೆ ತೋರುತ್ತವೆ.

ಮೊದಲನೆಯದು, ಅವನು ನಮಗೆ ಸುಳ್ಳು ಸಮಾಧಾನ ಕೊಡದಿರುವುದು. ಸೈಮನ್ ಅವರ ಪುಸ್ತಕದಲ್ಲಿ 11 ವರ್ಷದ ಒಬ್ಬ ಬಾಲಕಿಯ ಕೊಲೆಯ ಪ್ರಸಂಗವಿದೆ. ಪೊಲೀಸರು ಎಷ್ಟು ಶ್ರಮಿಸಿದರೂ ಕೊಲೆಗಾರನ ಮೇಲೆ ಆರೋಪ ಹೊರಿಸಲಾಗಲಿಲ್ಲ. ಧಾರಾವಾಹಿಯಲ್ಲಿ ಆ ಬಾಲಕಿಗೆ ಬೇರೆ ಹೆಸರಿಟ್ಟರು. ಆದರೆ ಅಲ್ಲಿಯೂ ಪ್ರಕರಣ ಬಗೆಹರಿಯಲಿಲ್ಲ. ಕೊನೆಯಲ್ಲಿ ಕೊಲೆಗಾರನಿಗೆ ಕೋಳ ತೊಡಿಸಿದ್ದರೆ ನೋಡುಗರು ನೆಮ್ಮದಿಯಿಂದ ಮಲಗಬಹುದಿತ್ತು. ಆದರೆ ಮಗುವಿನ ತಾಯಿಗೆ ಸಿಗದ ನೆಮ್ಮದಿಯನ್ನು ನಮಗೆ ಮಾರುವ ಹಕ್ಕು ಯಾರಿಗಿದೆ?

ಎರಡನೆಯ ಅಳತೆ, ಕಥೆ ಮುಗಿದ ಮೇಲೂ ಜನರ ಸಂಬಂಧ ಕಡಿದುಕೊಳ್ಳದಿರುವುದು. ಡಾನಿ ಆಂಡ್ರ್ಯೂಸ್ ಎಂಬವನು ಮಾದಕವಸ್ತು ಮಾರುವವರನ್ನೇ ದೋಚುತ್ತಿದ್ದವನು, ಹಣಕ್ಕಾಗಿ ಕೊಲೆಯನ್ನೂ ಮಾಡಿದವನು. ಪಶ್ಚಾತ್ತಾಪಗೊಂಡು ಅವನು ಶರಣಾದದ್ದು ಬರ್ನ್ಸ್ ಅವರಿಗೆ. 1987ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಸೈಮನ್ ಮತ್ತು ಬರ್ನ್ಸ್ ಅವನನ್ನು ಮರೆಯಲಿಲ್ಲ. ಅವನ ಬಿಡುಗಡೆಗಾಗಿ ಶ್ರಮಿಸಿದರು. ‘ದಿ ಕಾರ್ನರ್’ ಹುಡುಗನ ತಾಯಿ, ತಾನೂ ವ್ಯಸನದ ವಿರುದ್ಧ ಹೋರಾಡುತ್ತಿದ್ದ ಫ್ರಾನ್ ಬಾಯ್ಡ್ ಅವರಿಗೆ ಅವನನ್ನು ದೂರವಾಣಿಯಲ್ಲಿ ಪರಿಚಯಿಸಿದವರೂ ಇವರೇ. ಆಂಡ್ರ್ಯೂಸ್ 2005ರಲ್ಲಿ ಬಿಡುಗಡೆ ಹೊಂದಿದ; 2007ರಲ್ಲಿ ಅವರಿಬ್ಬರೂ ಮದುವೆಯಾದರು. 2012ರಲ್ಲಿ ತೀರಿಕೊಳ್ಳುವವರೆಗೂ ಅವನು ಯುವಕರನ್ನು ಆ ಬೀದಿಯಿಂದ ದೂರವಿಡಲು ದುಡಿದ. ಬರ್ನ್ಸ್ ಅವರ ತನಿಖೆಯಿಂದಲೇ ಸೆರೆಮನೆ ಸೇರಿದ್ದ ಮೆಲ್ವಿನ್ ವಿಲಿಯಮ್ಸ್ ಎಂಬ ಮಾದಕವಸ್ತು ವ್ಯಾಪಾರಿಯೂ ಬಿಡುಗಡೆಯಾಗಿ ಬಂದು, ‘ದಿ ವೈರ್’ನಲ್ಲಿ ದೇವಾಲಯದ ಸೇವಕನ ಪಾತ್ರ ವಹಿಸಿದ. ಹಿಡಿದವನೂ ಹಿಡಿಸಿಕೊಂಡವನೂ ಒಂದೇ ಕೆಲಸದಲ್ಲಿ ಜೊತೆಗೂಡಿದ್ದು ಸಣ್ಣ ಸಂಗತಿಯಲ್ಲ.

ಇವರು ಋಣವನ್ನೆಲ್ಲ ತೀರಿಸಿದರೆಂದು ನಾನು ಹೇಳುತ್ತಿಲ್ಲ. ಆ ಹುಡುಗನ ಸಾವು ಹಾಗೆ ಹೇಳಲು ಬಿಡುವುದಿಲ್ಲ. ಆದರೆ ಋಣವಿದೆ ಎಂದು ಅರಿತು ಬದುಕುವವನಿಗೂ, ಇಲ್ಲವೆಂದು ಕೈತೊಳೆದುಕೊಳ್ಳುವವನಿಗೂ ಅಜಗಜಾಂತರವಿದೆ.

ಈಗ ನಮ್ಮ ವಿಷಯಕ್ಕೆ ಬರೋಣ. ನಿಮ್ಮಲ್ಲಿ ದಾದಿಯರಿದ್ದೀರಿ, ಶಿಕ್ಷಕರಿದ್ದೀರಿ, ಕಚೇರಿಯ ಮೇಜಿನ ಹಿಂದೆ ಕುಳಿತು ಅರ್ಜಿ ಸ್ವೀಕರಿಸುವವರಿದ್ದೀರಿ. ಪ್ರತಿಯೊಂದು ಕೆಲಸವೂ ಇನ್ನೊಬ್ಬರ ಬದುಕಿನ ಬಾಗಿಲನ್ನು ನಮಗೆ ತೆರೆದು ತೋರಿಸುತ್ತದೆ. ಆಸ್ಪತ್ರೆ ಬಿಟ್ಟು ಬೇರೆ ಉದ್ಯೋಗ ಹಿಡಿದ ದಾದಿಗೆ, ಔಷಧಿಯ ಚೀಟಿ ಹಿಡಿದು ಹಣವಿಲ್ಲದೆ ನಿಂತ ಮುದುಕನ ಮುಖ ಗೊತ್ತಿರುತ್ತದೆ. ಆ ತಿಳಿವಳಿಕೆಯನ್ನು ನಾಲ್ಕು ಜನರ ನಡುವೆ ರಂಜನೆಯ ಮಾತಾಗಿಸಬಹುದು. ಅಂಥ ಮತ್ತೊಬ್ಬ ಮುದುಕ ಎದುರಾದಾಗ ನೆರವಾಗಲೂಬಹುದು. ಆಯ್ಕೆ ಆಕೆಯದು.

ಮಗನೋ ಮಗಳೋ ವೃತ್ತಿ ಬದಲಿಸುತ್ತೇನೆಂದಾಗ ‘ಇಷ್ಟು ವರ್ಷ ವ್ಯರ್ಥವಾಯಿತು’ ಎನ್ನುವ ಮುನ್ನ, ‘ಅಲ್ಲಿ ಯಾರನ್ನು ಕಂಡೆ? ಅವರಿಗಾಗಿ ಇನ್ನು ಏನು ಮಾಡುವೆ?’ ಎಂದು ಕೇಳಿ. ರಾತ್ರಿ ಮನೆಯವರೆಲ್ಲ ಕುಳಿತು ಅಪರಾಧದ ಕಥೆ ನೋಡುವಾಗಲೂ ಸತ್ತವರ ಹೆಸರು ನೆನಪಿದೆಯೇ ಎಂದು ಒಮ್ಮೆ ಕೇಳಿಕೊಳ್ಳಿ. ಕೊಂದವನ ಹೆಸರಷ್ಟೇ ನೆನಪಿದ್ದರೆ, ಆ ಕಥೆ ಹೇಳಿದ ರೀತಿಯಲ್ಲಿಯೋ, ನಾವು ನೋಡಿದ ರೀತಿಯಲ್ಲಿಯೋ ಏನೋ ಕೊರತೆಯಿದೆ.