ಇಂದಿನ ಧಮ್ಮ ಚಿಂತನೆ: ಮುಂದೆ ಹೋದವರು, ಹಿಂದೆ ಉಳಿದವರು

 


ರವಿವಾರದ ಸೈಕಲ್ ಫೋಟೊಗಳನ್ನು ಧಮ್ಮದ ಗುಂಪಿನಲ್ಲಿ ಯಾಕೆ ಹಾಕುತ್ತೀರಿ ಎಂದು ನಮ್ಮ ಹಿರಿಯರೊಬ್ಬರು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರ ಸ್ವಲ್ಪ ಉದ್ದವಿದೆ, ಚಹಾ ಕುಡಿಯುತ್ತ ಓದಿರಿ.

ನಮ್ಮ ಎಂಟು ಜನರಲ್ಲಿ ಸೈಕಲ್ ಮೇಲಿನ ಪ್ರೀತಿಯಿಂದ ಬಂದವರು ಯಾರೂ ಇಲ್ಲ. ಇಬ್ಬರು ಸಕ್ಕರೆ ಕಾಯಿಲೆಗೆ ಹೆದರಿ ಬಂದರು. ಒಬ್ಬರು, ಮಗ ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದ ಗೇರ್ ಸೈಕಲ್ ಮನೆಯಲ್ಲಿ ತುಕ್ಕು ಹಿಡಿಯುತ್ತಿದೆ ಎಂದು ಬಂದರು. ನಾನು ನಿವೃತ್ತಿಯ ನಂತರ ನಿದ್ದೆ ಬಾರದೆ ಬಂದೆ. ರಾಯಚೂರಿನ ಬಿಸಿಲು ನಿಮಗೆ ಗೊತ್ತೇ ಇದೆ; ಐದೂವರೆಗೆ ಹೊರಟು ಎಂಟಕ್ಕೆಲ್ಲ ಮನೆ ಸೇರಬೇಕು. ಇದರಲ್ಲಿ ಪ್ರೀತಿ ಹುಟ್ಟಿದ್ದು ಯಾವಾಗ ಎಂದು ಒಮ್ಮೆ ಎಲ್ಲರನ್ನೂ ಕೇಳಿದೆ. ವೇಗದ ಮಾತು, ಆರೋಗ್ಯದ ಮಾತು ಯಾರ ಬಾಯಿಂದಲೂ ಬರಲಿಲ್ಲ. ಒಬ್ಬರೆಂದರು: "ದೇವಸೂಗೂರಿನ ಕೃಷ್ಣಾ ಸೇತುವೆ ಹತ್ರ ಜಾಲಿ ಮುಳ್ಳು ಚುಚ್ಚಿ ಪಂಕ್ಚರ್ ಆದಾಗ, ಕರೀದೇನೇ ಎಲ್ಲಾರೂ ಇಳದ್ರಲ್ಲ, ಅವತ್ತಿನಿಂದ." ಇನ್ನೊಬ್ಬರು ಡೆಂಗ್ಯೂ ಬಂದು ತಿಂಗಳು ಮಲಗಿದ್ದರು. ಅವರು ಎದ್ದ ಮೊದಲ ರವಿವಾರ ಉಳಿದವರೆಲ್ಲ ಅವರ ಓಣಿಯ ತುದಿಯಲ್ಲಿ ಸೈಕಲ್ ಹಿಡಿದು ನಿಂತಿದ್ದರು. ಅವತ್ತು ಚಹಾದಂಗಡಿಯ ತನಕ ಹೋಗಿ ತಿರುಗಿದ್ದು, ಅಷ್ಟೆ. ಅವರಿಗೆ ಅದೇ ಮೊದಲ ಸವಾರಿಯಂತೆ.

ನಮ್ಮ ಜಿಲ್ಲೆಯ ಮಸ್ಕಿಯ ಬಂಡೆ ಹೇಳುವುದೂ ಇದನ್ನೇ ಅಂತ ನನಗೆ ಅನ್ನಿಸುತ್ತದೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಆ ಶಾಸನವನ್ನು ಕಂಡ. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಅದರಿಂದ ಖಚಿತವಾಯಿತು ಎಂದು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಅದರ ಮುಂದಿನ ಮಾತನ್ನು ಓದುವವರು ಕಡಿಮೆ. ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷ ದಾಟಿತು, ಸಂಘದ ಬಳಿಗೆ ಹೋಗಿ ಉತ್ಸಾಹದಿಂದ ತೊಡಗಿ ಒಂದು ವರ್ಷ ದಾಟಿತು ಎನ್ನುತ್ತಾನೆ ಅರಸ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲಿ ಇನ್ನೂ ಬಿಚ್ಚಿ ಹೇಳಿದ್ದಾನೆ: ಮೊದಲ ಒಂದು ವರ್ಷ ತನ್ನಲ್ಲಿ ಅಷ್ಟು ಉತ್ಸಾಹವೇ ಇರಲಿಲ್ಲವೆಂದು. ನಂಬಿಕೆ ಮೊದಲೇ ಇತ್ತು. ಹುರುಪು ಬಂದದ್ದು ಸಂಘದ ಜೊತೆ ಕೂತ ಮೇಲೆ. ಇದು ದೊಡ್ಡವರಿಗೆ ಮಾತ್ರ ಸಾಧ್ಯ ಎಂದು ತಿಳಿಯಬೇಡಿ, ಸಣ್ಣವರಿಗೂ ಸಾಧ್ಯ ಎಂಬ ಮಾತೂ ಅಲ್ಲೇ ಇದೆ. ಆನಂದ ಭಂತೇಜಿ ಕಲ್ಯಾಣಮಿತ್ರತೆಯನ್ನು ಧಮ್ಮಜೀವನದ ಅರ್ಧ ಎಂದಾಗ ಭಗವಾನರು ತಿದ್ದಿ, ಅದೇ ಪೂರ್ತಿ ಎಂದದ್ದನ್ನು ಸಂಯುತ್ತ ನಿಕಾಯದಲ್ಲಿ ನಾವು ಓದಿದ್ದೇವೆ.

ಇಷ್ಟೆಲ್ಲ ಗೊತ್ತಿದ್ದೂ ಈ ಚಳಿಗಾಲದಲ್ಲಿ ನಮ್ಮ ಗುಂಪು ಒಡೆಯುವ ಹಂತಕ್ಕೆ ಬಂದಿತ್ತು. ಇಬ್ಬರು ಹುಡುಗರು ಮೊಬೈಲಿನಲ್ಲಿ ವೇಗ ಅಳೆಯುವ ಆ್ಯಪ್ ಹಾಕಿಕೊಂಡರು. ಒಂದು ವಾರ ಮಾನ್ವಿ ರಸ್ತೆ, ಇನ್ನೊಂದು ವಾರ ದೇವದುರ್ಗ ರಸ್ತೆ. ಎಲ್ಲಿ ಹೋದರೂ ಅವರು ಕಣ್ಣಿಗೆ ಕಾಣದಷ್ಟು ಮುಂದೆ. ಅವರನ್ನು ಹಿಡಿಯಲು ಉಳಿದವರ ಓಟ. ಕಡೆಗೆ ಉಳಿಯುತ್ತಿದ್ದವರು ನಮ್ಮ ನರ್ಸ್ ತಂಗಿ. ಹತ್ತಿಯ ಕಾಲ, ಎರಡೂ ಬದಿ ಉಬ್ಬಿದ ಹತ್ತಿ ಲಾರಿಗಳು, ಶಕ್ತಿನಗರದ ಕಡೆ ಹೋದರೆ ಬೂದಿ ಟ್ಯಾಂಕರ್‌ಗಳು, ಇನ್ನೂ ಬೆಳಕು ಹರಿದಿರುವುದಿಲ್ಲ. ಆಕೆ ಪ್ರತಿ ಸಲವೂ "ಅಣ್ಣಾ, ನೀವು ಹೋಗ್ರಿ, ನಾ ಹಿಂದಿಂದ ಬರ್ತೀನಿ" ಎನ್ನುತ್ತಿದ್ದರು. ಮೂರು ವಾರದ ನಂತರ ಬರುವುದನ್ನೇ ಬಿಟ್ಟರು. ಫೋನ್ ಮಾಡಿದರೆ ಡ್ಯೂಟಿ ಇದೆ ಎಂದರು.

ಅದೇ ವಾರ ನಮ್ಮ ಓದಿನಲ್ಲಿ ಮಜ್ಝಿಮ ನಿಕಾಯದ ಚೂಳಗೋಸಿಂಗ ಸುತ್ತ ಬಂತು. ಅನುರುದ್ಧ, ನಂದಿಯ, ಕಿಂಬಿಲ ಮೂವರೂ ಕಾಡಿನಲ್ಲಿ ಹಾಲು ನೀರು ಬೆರೆತ ಹಾಗೆ ಇದ್ದರು. ಹೇಗೆ ಎಂದು ಭಗವಾನರು ಕೇಳಿದರೆ ದೊಡ್ಡ ತತ್ತ್ವವೇನೂ ಬರಲಿಲ್ಲ. ಭಿಕ್ಷೆಯಿಂದ ಮೊದಲು ಬಂದವನು ಆಸನ ಹಾಸಿ ನೀರಿಡುತ್ತಾನೆ, ಕೊನೆಗೆ ಬಂದವನು ಎಲ್ಲ ಎತ್ತಿಟ್ಟು ಗುಡಿಸುತ್ತಾನೆ. ನೀರಿನ ಕೊಡ ಭಾರವಾದರೆ ಕೈಸನ್ನೆಯಿಂದ ಇನ್ನೊಬ್ಬನನ್ನು ಕರೆಯುತ್ತಾನೆ, ಮೌನ ಮುರಿಯುವುದಿಲ್ಲ. (ಗುಂಡಿ ಕಂಡರೆ ಹಿಂದಿನವರಿಗೆ ನಾವು ಮಾಡುವುದೂ ಕೈಸನ್ನೆಯೇ.) ನನ್ನ ಮನಸ್ಸನ್ನು ಬದಿಗಿಟ್ಟು ಇವರ ಮನಸ್ಸಿನಂತೆ ಯಾಕೆ ನಡೆಯಬಾರದು ಎಂದು ಯೋಚಿಸುತ್ತೇನೆ ಅಂತ ಅನುರುದ್ಧರು ಹೇಳುವ ಕಡೆ, ಆ ಹುಡುಗರಲ್ಲಿ ಒಬ್ಬ ತಲೆ ತಗ್ಗಿಸಿ ಕೂತಿದ್ದ. ಯಾರೂ ಏನೂ ಅನ್ನಲಿಲ್ಲ.

ಆಮೇಲೆ ಹೀಗೆ ಮಾಡಿಕೊಂಡೆವು: ರವಿವಾರ ಎಲ್ಲರಿಗಿಂತ ನಿಧಾನ ಹೋಗುವವರು ಮುಂದೆ. ಎಲ್ಲರಿಗಿಂತ ಜೋರು ಹೋಗುವವನು ಕಟ್ಟಕಡೆಗೆ, ಕೆಂಪು ದೀಪ, ಪಂಪು, ಪ್ಯಾಚು ಅವನ ಹತ್ತಿರ. ಇದು ನಾವು ಕಂಡುಹಿಡಿದದ್ದಲ್ಲ. ದೊಡ್ಡ ಕ್ಲಬ್‌ಗಳಲ್ಲೂ ಹಿಂದೆ ಒಬ್ಬ ಇದ್ದೇ ಇರುತ್ತಾನೆ. ಬ್ರೆವೆ ಎಂಬ ದೂರದ ಸವಾರಿಯಲ್ಲಂತೂ 200 ಕಿಲೋಮೀಟರನ್ನು ಹದಿಮೂರೂವರೆ ತಾಸಿನೊಳಗೆ ಮುಗಿಸಿದರೆ ಸಾಕು, ಮೊದಲನೆಯವನು ಕೊನೆಯವನು ಎಂಬ ಲೆಕ್ಕವೇ ಇಲ್ಲ. ಹುಡುಗರಿಗೆ ಜೋರು ಹೋಗುವ ಆಸೆ ತಪ್ಪೇನಲ್ಲ. ಬುಧವಾರ ಅವರಿಬ್ಬರೇ ಹೋಗಲಿ, ಎಷ್ಟು ಬೇಕಾದರೂ ಓಡಿಸಲಿ. ಒಬ್ಬ ಒಪ್ಪಿದ. ಇನ್ನೊಬ್ಬ ಈಗಲೂ ಗೊಣಗುತ್ತಾನೆ, ಆದರೆ ಬರುತ್ತಾನೆ.

ತಂಗಿಯನ್ನು ಕರೆಯಲು ಹೋದವನು ಆ ಒಪ್ಪಿದ ಹುಡುಗನೇ. ಮೊನ್ನೆ ರವಿವಾರ ಆಕೆ ಮುಂದಿದ್ದರು, ನಾವು ಏಳು ಜನ ಹಿಂದೆ. ಎಷ್ಟು ನಿಧಾನವಾಯಿತೆಂದರೆ ನಾವು ಹೋಟೆಲ್ ಮುಟ್ಟುವಷ್ಟರಲ್ಲಿ ಮಿರ್ಚಿ ಖಾಲಿಯಾಗಿ ಬರೀ ಒಗ್ಗರಣಿ ಸಿಕ್ಕಿತು. ನೀವು ನೋಡಿದ ಫೋಟೊ ಅಲ್ಲಿ ತೆಗೆದದ್ದು.

ಭವತು ಸಬ್ಬ ಮಂಗಲಂ.