ಕೆಡಹುವ ಮುನ್ನ

ನಿಮ್ಮ ಪರ್ಸಿನಲ್ಲಿ 2017ರ ನಂತರದ 50 ರೂಪಾಯಿ ನೋಟಿದ್ದರೆ ತಿರುಗಿಸಿ ನೋಡಿ. ಹಂಪಿಯ ಕಲ್ಲಿನ ರಥವಿದೆ, ಮೇಲೆ ಶಿಖರವಿಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ತೆಗೆದ ಫೋಟೋದಲ್ಲಿ ಇಟ್ಟಿಗೆಯ ಶಿಖರ ಇನ್ನೂ ನಿಂತಿದೆ. ಆತ ಕ್ಯಾಮೆರಾ ಹೊತ್ತು ಬರದಿದ್ದರೆ, ರಥ ಮೊದಲಿನಿಂದಲೂ ಹೀಗೇ ಇತ್ತೆಂದು ನಮ್ಮಲ್ಲಿ ಬಹಳ ಮಂದಿ ನಂಬುತ್ತಿದ್ದೆವೇನೋ.

ಹಳೆಯ ಕಟ್ಟಡಕ್ಕೆ ಕೈಹಾಕುವ ಎಂಜಿನಿಯರರು, ಹಾರೆ ಬೀಳುವ ಮುನ್ನ ಇದ್ದದ್ದನ್ನು ಇದ್ದ ಹಾಗೆ ಅಳೆದು ಬರೆದಿಡುವುದು ಅವರ ದೊಡ್ಡತನವೋ, ಕರ್ತವ್ಯವೋ? ಕರ್ತವ್ಯವೆಂದೇ ನನ್ನ ಎಣಿಕೆ. ಕೆಡಹುವವರೇ ಅದನ್ನು ಕೊನೆಯದಾಗಿ ನೋಡುವವರು. ಕೇಸ್ ಪೇಪರಿನಲ್ಲಿ ಒಂದಕ್ಷರ ಬರೆಯದೆ ಹೊಟ್ಟೆ ಕೊಯ್ಯುವ ಡಾಕ್ಟರ ಹತ್ತಿರ ನಾವು ಹೋಗುತ್ತೇವೆಯೇ?

1964ರ ವೆನಿಸ್ ಸನ್ನದು ಇದನ್ನೇ ನಿಯಮ ಮಾಡಿತು. ಜೀರ್ಣೋದ್ಧಾರದ ಪ್ರತಿ ಹಂತವನ್ನೂ ನಕ್ಷೆ, ಫೋಟೋ ಸಹಿತ ದಾಖಲಿಸಿ ಸಾರ್ವಜನಿಕ ಸಂಸ್ಥೆಯಲ್ಲಿ ಇಡಬೇಕೆಂದಿತು. 'ಪ್ರತಿ ಹಂತ' ಎಂಬುದು ಬಹಳ ಸರಿಯಾದ ಮಾತು. ಗೋಡೆ ಬಿಚ್ಚಿದ ದಿನವೇ ಅದರೊಳಗೆ ಹುದುಗಿದ್ದ ಬಾಗಿಲು ಕಾಣುವುದು; ಸಂಜೆಗೆ ಅದೂ ಟ್ರ್ಯಾಕ್ಟರು ಹತ್ತಿರುತ್ತದೆ.

ನಮ್ಮ ಜಿಲ್ಲೆಯ ಅಣ್ಣಿಗೇರಿಯ ಅಮೃತೇಶ್ವರ ಗುಡಿ ಪುಣ್ಯ ಮಾಡಿತ್ತು. ಹೆನ್ರಿ ಕಸಿನ್ಸ್ 1926ರ ತನ್ನ ಗ್ರಂಥದಲ್ಲಿ ಅದರ ಬಗ್ಗೆ ಬರೆದಿಟ್ಟ. ಊರ ಮನೆಗಳಿಗೆ ಯಾರಿದ್ದಾರೆ?

ಕುಬಿಹಾಳದಲ್ಲಿ ನಮ್ಮ ದೊಡ್ಡವ್ವನ ಮಾಳಿಗೆ ಮನೆಯನ್ನು ಕೆಡಹಲೇಬೇಕಾಗಿತ್ತು. ಮಳೆಗಾಲದಲ್ಲಿ ರಾತ್ರಿಯೆಲ್ಲ ಬೋಗುಣಿ ಸರಿಸುತ್ತ ಕೂತವಳಿಗೆ 'ಮಣ್ಣಿನ ಮನೆ ಎಷ್ಟು ತಂಪು' ಎಂದು ಪಟ್ಟಣದವರು ಹೇಳಬಾರದು. ದುಡ್ಡಿನ ಪ್ರಶ್ನೆಯೂ ಸುಳ್ಳಲ್ಲ. ಆದರೆ ಈಗ ಎಲ್ಲರ ಕಿಸೆಯಲ್ಲೂ ಕ್ಯಾಮೆರಾ ಇದೆ, ಟೇಪು ಹೇಗೂ ತಂದಿರುತ್ತಾರೆ. ಬಂದವರು ಅಳತೆ ಹಿಡಿದರು, ಹೊಸ ಮನೆಗೆ ಬೇಕಾದಷ್ಟು ಮಾತ್ರ. ಕೇಳಬೇಕಾದ್ದನ್ನು ಪಡಸಾಲೆಯಲ್ಲಿದ್ದ ಗಂಡಸರನ್ನು ಕೇಳಿದರು. ಅಡಿಗೆಮನೆಯ ಗೋಡೆ ಯಾವ ವರ್ಷ ಹಿಂದೆ ಸರಿಯಿತು, ಕಾಳಿನ ಹಗೇವು ಎಲ್ಲಿತ್ತು ಎಂಬುದನ್ನೆಲ್ಲ ಬಲ್ಲವಳು ಹಿತ್ತಲಲ್ಲಿ ಕೂತಿದ್ದಳು. ಹಳೆಯ ಮನೆಯ ಅರ್ಧ ಚರಿತ್ರೆ ಹೆಂಗಸರ ಬಾಯಲ್ಲಿರುತ್ತದೆ, ಯಾವ ನಕ್ಷೆಗೂ ಅದು ಇಳಿಯುವುದಿಲ್ಲ.

ನಾನೇ ಒಂದು ನೋಟ್‌ಬುಕ್ಕು ಹಿಡಿದು ಅವಳ ಪಕ್ಕ ಕೂತೆ.

"ಅದೇನ್ ಬರ್ಕೋತಿ ಯವ್ವಾ, ಬರೇ ಮಣ್ಣು" ಅಂದಳು. ಸ್ವಲ್ಪ ಹೊತ್ತಿಗೆ ತಾನೇ ಎದ್ದು ಒಳಗೆ ಹೋಗಿ, ಒಲೆಯ ಹಿಂದಿನ ಗೂಡಿನ ಮೇಲೆ ಕೈಯಿಟ್ಟಳು.

"ಇದು ನಮ್ಮತ್ತಿ ಮಾಡಿಸಿದ್ದು. ಇದರ ಅಳತಿ ಹಿಡದ್ಯೇನು?"